ಪಿಎಚ್‌ಪಿ-ಎಫ್‌ಪಿಎಂ: ಮ್ಯಾಕ್ಸ್ ಚಿಲ್ಡ್ರನ್ ಎಷ್ಟಿರಬೇಕೆಂದು ಯಾವ ಲೆಕ್ಕದಲ್ಲಿ ನಿರ್ಧರಿಸುತ್ತೀರಿ?

ಹೊಸಹಾದಿ
4 ಜಿಬಿ ಮೆಮೊರಿ ಮತ್ತು 2 ಕೋರ್‌ಗಳಿರುವ ಒಂದೇ ವರ್ಚುವಲ್ ಸರ್ವರಿನಲ್ಲಿ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್, ಪಿಎಚ್‌ಪಿ ಕೋಡ್ ಓಡಿಸುವ ವರ್ಕರ್ ಪ್ರಕ್ರಿಯೆಗಳನ್ನು ನಿರ್ವಹಿಸುವ ಪಿಎಚ್‌ಪಿ-ಎಫ್‌ಪಿಎಂ ಹಾಗೂ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಮೂರೂ ಓಡುತ್ತಿವೆ. ಪೂಲ್ (ವರ್ಕರ್‌ಗಳ ಗುಂಪು) ಕಡತದಲ್ಲಿ ಪ್ಯಾಕೇಜಿನ ಜೊತೆ ಬಂದ ಮೌಲ್ಯಗಳೇ ಇನ್ನೂ ಇವೆ: ಡೈನಾಮಿಕ್ ವಿಧಾನ (ಬೇಡಿಕೆಗೆ ತಕ್ಕಂತೆ ವರ್ಕರ್ ಹೆಚ್ಚು ಕಡಿಮೆಯಾಗುವುದು), ಮ್ಯಾಕ್ಸ್ ಚಿಲ್ಡ್ರನ್ (ವರ್ಕರ್‌ಗಳ ಗರಿಷ್ಠ ಸಂಖ್ಯೆ) 5, ಸ್ಟಾರ್ಟ್ ಸರ್ವರ್ಸ್ (ಆರಂಭದಲ್ಲಿ ಹುಟ್ಟುವ ವರ್ಕರ್‌ಗಳು) 2, ಮಿನ್ ಸ್ಪೇರ್ (ಬಿಡುವಾಗಿರಬೇಕಾದ ಕನಿಷ್ಠ ವರ್ಕರ್‌ಗಳು) 1, ಮ್ಯಾಕ್ಸ್ ಸ್ಪೇರ್ (ಬಿಡುವಾಗಿರಬಹುದಾದ ಗರಿಷ್ಠ) 3. ಬಳಕೆದಾರರು ಹೆಚ್ಚುವ ಹೊತ್ತಿಗೆ ಕೆಲವರಿಗೆ 504 (ಉತ್ತರ ಹೊತ್ತಿಗೆ ಬರಲಿಲ್ಲ), ಅಪರೂಪಕ್ಕೆ 502 (ಹಿಂದಿನ ಸೇವೆಯಿಂದ ಸರಿಯಾದ ಉತ್ತರ ಸಿಗಲಿಲ್ಲ) ಎಂಬ ದೋಷ ಕಾಣಿಸುತ್ತಿದೆ. ಎಫ್‌ಪಿಎಂ ಲಾಗ್ ತೆರೆದರೆ, ಮ್ಯಾಕ್ಸ್ ಚಿಲ್ಡ್ರನ್ ಮಿತಿಯಾದ 5 ಮುಟ್ಟಿದೆ, ಅದನ್ನು ಹೆಚ್ಚಿಸುವುದನ್ನು ಪರಿಗಣಿಸಿ ಎಂಬ ಎಚ್ಚರಿಕೆಯ ಸಾಲು ಸಿಗುತ್ತದೆ. ತಂಡದಲ್ಲಿ ಕೆಲವರು ನೇರವಾಗಿ 100 ಎಂದು ಬರೆದುಬಿಡೋಣ ಎನ್ನುತ್ತಿದ್ದಾರೆ. ಲೆಕ್ಕವಿಲ್ಲದೆ ಅಂಕಿ ಬದಲಿಸಲು ನನಗೆ ಮನಸ್ಸಿಲ್ಲ. ನೀವು ಈ ಸಂಖ್ಯೆಯನ್ನು ಹೇಗೆ ಗೊತ್ತುಮಾಡುತ್ತೀರಿ?

ಗಣಕಪಾಲ
100 ಬೇಡವೇ ಬೇಡ. ಒಂದು ವರ್ಕರ್ ಒಂದು ಹೊತ್ತಿಗೆ ಒಂದೇ ವಿನಂತಿಯನ್ನು ನೋಡಿಕೊಳ್ಳುತ್ತದೆ, ಮತ್ತು ಪ್ರತಿಯೊಂದು ವರ್ಕರಿಗೂ ತನ್ನದೇ ಮೆಮೊರಿ ಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಒಟ್ಟು ಮೆಮೊರಿಯಿಂದ ಆಪರೇಟಿಂಗ್ ಸಿಸ್ಟಮ್ಮಿನ ಪಾಲು, ಮೈಎಸ್‌ಕ್ಯೂಎಲ್ ನಿಜವಾಗಿ ಬಳಸುತ್ತಿರುವಷ್ಟು ಮತ್ತು ಸ್ವಲ್ಪ ಮೀಸಲು ಕಳೆಯಿರಿ. ಉಳಿದದ್ದನ್ನು ಒಂದು ವರ್ಕರ್ ತಿನ್ನುವ ಮೆಮೊರಿಯಿಂದ ಭಾಗಿಸಿರಿ. ನಿಮ್ಮಲ್ಲಿ 2 ಜಿಬಿ ಉಳಿಯಿತು, ವರ್ಕರ್ ಒಂದಕ್ಕೆ 65 ಎಂಬಿ ಆಯಿತು ಎಂದುಕೊಂಡರೆ 31 ಬರುತ್ತದೆ. ನಾನಾದರೆ 25ಕ್ಕೆ ನಿಲ್ಲಿಸುತ್ತೇನೆ. ಮಿತಿ ಮೀರಿದರೆ ಮೊದಲು ಸ್ವಾಪ್ (ಮೆಮೊರಿಯ ಬದಲು ನಿಧಾನದ ಡಿಸ್ಕ್ ಬಳಕೆ) ಶುರುವಾಗುತ್ತದೆ, ಆಮೇಲೆ ಮೆಮೊರಿ ತೀರಿದಾಗ ಎದ್ದೇಳುವ ಕರ್ನಲ್‌ನ ಓಓಎಂ ಕಿಲ್ಲರ್ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ. ಹೆಚ್ಚು ಮೆಮೊರಿ ಹಿಡಿದಿರುವುದು ಮೈಎಸ್‌ಕ್ಯೂಎಲ್ ಆದ್ದರಿಂದ ಸಾಮಾನ್ಯವಾಗಿ ಏಟು ಬೀಳುವುದು ಅದಕ್ಕೇ.

ತಂತುಜಾಲ
ಲೆಕ್ಕದ ದಾರಿ ಸರಿಯಾಗಿದೆ, ಅಳತೆಗೋಲು ಸರಿಯಿಲ್ಲ. ಪಿಎಸ್ ಅಥವಾ ಟಾಪ್ ಆಜ್ಞೆ ತೋರಿಸುವ ಆರ್‌ಎಸ್‌ಎಸ್ (ಪ್ರಕ್ರಿಯೆ ಹಿಡಿದಿರುವ ಮೆಮೊರಿ) ಅಂಕಿಯಲ್ಲಿ ಹಂಚಿಕೊಂಡ ಮೆಮೊರಿಯೂ ಸೇರಿರುತ್ತದೆ. ಪಿಎಚ್‌ಪಿ ಕೋಡಿನ ಸಿದ್ಧರೂಪವನ್ನು ಕಾಪಿಡುವ ಓಪಿಕ್ಯಾಶ್ ಇರುವುದು ಹಂಚಿಕೆಯ ಮೆಮೊರಿಯಲ್ಲಿ. ಒಂದೇ ಮಾಸ್ಟರ್ ಪ್ರಕ್ರಿಯೆಯ ಕೆಳಗಿನ ಎಲ್ಲ ವರ್ಕರ್‌ಗಳಿಗೂ ಅದು ಒಂದೇ ಪ್ರತಿ. ಆರ್‌ಎಸ್‌ಎಸ್‌ಗಳನ್ನು ಕೂಡಿಸಿದರೆ ಅದೇ ಓಪಿಕ್ಯಾಶನ್ನು ವರ್ಕರ್ ಎಷ್ಟಿವೆಯೋ ಅಷ್ಟು ಸಲ ಎಣಿಸಿದಂತಾಗುತ್ತದೆ. ಪ್ರೋಕ್ ಕಡತವ್ಯವಸ್ಥೆಯಲ್ಲಿ ಪ್ರತಿ ಪ್ರಕ್ರಿಯೆಗೂ ಇರುವ ಸ್ಮ್ಯಾಪ್ಸ್ ರೋಲಪ್ ಕಡತದಲ್ಲಿ ಪಿಎಸ್‌ಎಸ್ ಎಂಬ ಸಾಲಿದೆ. ಹಂಚಿಕೆಯ ಪುಟಗಳನ್ನು ಹಂಚಿಕೊಂಡವರ ನಡುವೆ ಭಾಗ ಮಾಡಿ ಕೊಡುವ ಅಂಕಿ ಅದು. ಅದನ್ನು ಹಿಡಿದು ಲೆಕ್ಕ ಹಾಕಿರಿ.

ಗಣಕಪಾಲ
ಒಪ್ಪಿದೆ. ಆದರೆ ಆರ್‌ಎಸ್‌ಎಸ್‌ನಿಂದ ಬಂದ ಉತ್ತರ ತಪ್ಪಿದರೂ ಕಡಿಮೆಯ ಕಡೆಗೇ ತಪ್ಪುತ್ತದೆ. ಹೊಸಬರಿಗೆ ಅದರಿಂದ ಅಪಾಯವಿಲ್ಲ.

ಬರಿಗಣ್ಣು
ಸರಾಸರಿಯನ್ನು ಮಾತ್ರ ನೋಡಬೇಡಿ. ಒಂದು ಸ್ಕ್ರಿಪ್ಟ್ ಬಳಸಬಹುದಾದ ಮೆಮೊರಿಯ ಮಿತಿಯಾದ ಮೆಮೊರಿ ಲಿಮಿಟ್‌ನ ಮೂಲ ಮೌಲ್ಯ 128 ಎಂಬಿ. ಯಾರೋ ಒಬ್ಬರು ದೊಡ್ಡ ವರದಿಯನ್ನು ಇಳಿಸಿಕೊಂಡರೆ ಆ ವರ್ಕರ್ ಅಲ್ಲಿಯವರೆಗೂ ಹಿಗ್ಗುತ್ತದೆ, ಮತ್ತು ಒಮ್ಮೆ ಹಿಗ್ಗಿದ್ದು ಪೂರ್ತಿಯಾಗಿ ಕುಗ್ಗದೇ ಇರಬಹುದು.

ಅಲೆಮಾರಿ
ಎಲ್ಲರೂ ಮೆಮೊರಿಯ ಹಿಂದೆ ಓಡುತ್ತಿದ್ದೀರಿ. ಅದು ಹೇಳುವುದು ಗರಿಷ್ಠ ಮಿತಿಯನ್ನು ಮಾತ್ರ. ನಿಮಗೆ ಎಷ್ಟು ವರ್ಕರ್ ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಬೇಕಾದ ಸಂಖ್ಯೆ ಎಂದರೆ ಸೆಕೆಂಡಿಗೆ ಬರುವ ವಿನಂತಿಗಳನ್ನು ಒಂದು ವಿನಂತಿ ಹಿಡಿಯುವ ಸರಾಸರಿ ಸಮಯದಿಂದ ಗುಣಿಸಿದಷ್ಟು. ಸೆಕೆಂಡಿಗೆ 10 ವಿನಂತಿ ಬಂದು, ಪ್ರತಿಯೊಂದೂ 0.2 ಸೆಕೆಂಡಿನಲ್ಲಿ ಮುಗಿದರೆ ಯಾವುದೇ ಕ್ಷಣದಲ್ಲಿ ಸರಾಸರಿ ಇಬ್ಬರು ವರ್ಕರ್‌ಗಳಿಗೆ ಮಾತ್ರ ಕೆಲಸ ಇರುತ್ತದೆ. ಅದೇ ವಿನಂತಿಗೆ 3 ಸೆಕೆಂಡು ಹಿಡಿದರೆ ಮೂವತ್ತು ಜನ ಬೇಕಾಗುತ್ತಾರೆ. ದಟ್ಟಣೆ ಒಂದಿಷ್ಟೂ ಹೆಚ್ಚಿಲ್ಲ. ಕಾಯುವ ಸಮಯ ಹೆಚ್ಚಿದೆ, ಅಷ್ಟೇ. ಹಾಗಾಗಿ 5 ಸಾಲದು ಎಂಬ ಎಚ್ಚರಿಕೆಯನ್ನು ಓದಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಆ ಐವರು ಅಷ್ಟು ಹೊತ್ತು ಏನು ಮಾಡುತ್ತಿದ್ದರು?

ಅದನ್ನು ತಿಳಿಯಲು ಎರಡು ಸೌಲಭ್ಯ ಸಾಕು. ಪೂಲ್ ಕಡತದಲ್ಲಿ, ವರ್ಕರ್‌ಗಳ ಸ್ಥಿತಿ ತೋರಿಸುವ ಸ್ಟೇಟಸ್ ಪಾತ್ ತೆರೆಯಿರಿ; ಹೊರಗಿನವರಿಗೆ ಅದು ಕಾಣದಂತೆ ಎಂಜಿನ್‌ಎಕ್ಸ್‌ನಲ್ಲಿ ತಡೆ ಹಾಕಿರಿ. ಜೊತೆಗೆ ಸ್ಲೋಲಾಗ್ ಕಡತದ ಹೆಸರು ಕೊಟ್ಟು, ರಿಕ್ವೆಸ್ಟ್ ಸ್ಲೋಲಾಗ್ ಟೈಮ್‌ಔಟ್ ಅನ್ನು 3 ಸೆಕೆಂಡಿಗೆ ಇಡಿರಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದ ವಿನಂತಿ ಆ ಕ್ಷಣ ಯಾವ ಕಡತದ ಯಾವ ಸಾಲಿನಲ್ಲಿ ನಿಂತಿತ್ತು ಎಂಬುದು ಬರಹದಲ್ಲೇ ಸಿಗುತ್ತದೆ. ಮ್ಯಾಕ್ಸ್ ಚಿಲ್ಡ್ರನ್ ಮುಟ್ಟುವ ಮೊದಲು ಈ ಕೆಲಸ ಮಾಡಿರಿ ಎಂಬುದು ನನ್ನ ಒತ್ತಾಯ.

ಕಡತಪ್ರಿಯ
ಇದಕ್ಕೆ ಒಂದು ಸೇರ್ಪಡೆ. ವರ್ಕರ್‌ಗಳೆಲ್ಲ ತುಂಬಿರುವಾಗ ಸ್ಟೇಟಸ್ ಪುಟವೂ ಅದೇ ಸರದಿಯಲ್ಲಿ ನಿಂತು ಕಾಯುತ್ತದೆ. ಅಂದರೆ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಅದು ತೆರೆಯುವುದಿಲ್ಲ. ಪಿಎಚ್‌ಪಿ 8.0ರಿಂದ ಸ್ಟೇಟಸ್ ಲಿಸನ್ ಎಂಬ ಆಯ್ಕೆ ಬಂದಿದೆ. ಅದಕ್ಕೆ ಬೇರೆ ಸಾಕೆಟ್ (ಸಂಪರ್ಕ ಬರುವ ಬಾಗಿಲು) ಕೊಟ್ಟರೆ ಪೂಲ್ ಎಷ್ಟೇ ತುಂಬಿದ್ದರೂ ಸ್ಟೇಟಸ್ ಮಾತ್ರ ಉತ್ತರಿಸುತ್ತಿರುತ್ತದೆ.

ಹೊಸಹಾದಿ
ಎಲ್ಲರಿಗೂ ಧನ್ಯವಾದಗಳು. ಎರಡನ್ನೂ ಹಾಕಿ ನೋಡಿದೆವು. ದಟ್ಟಣೆಯ ಹೊತ್ತಿನಲ್ಲಿ ಆ್ಯಕ್ಟಿವ್ ಪ್ರೊಸೆಸಸ್ (ಕೆಲಸದಲ್ಲಿರುವ ವರ್ಕರ್‌ಗಳು) 5, ಐಡಲ್ (ಬಿಡುವಾಗಿರುವವು) 0, ಲಿಸನ್ ಕ್ಯೂ (ಕಾಯುತ್ತಿರುವ ವಿನಂತಿಗಳ ಸರದಿ) ನಲವತ್ತರ ಆಸುಪಾಸು. ಪ್ರೊಸೆಸರ್ ಬಳಕೆ ಮಾತ್ರ ಅಲ್ಪವೇ ಇತ್ತು. ಸ್ಲೋಲಾಗಿನಲ್ಲಿ ಬಹುತೇಕ ಎಲ್ಲ ದಾಖಲೆಗಳ ಮೇಲುಸಾಲು, ಹೊರಗಿನ ಸರ್ವರನ್ನು ಸಂಪರ್ಕಿಸುವ ಕರ್ಲ್ ಎಕ್ಸೆಕ್ ಕರೆಯೇ. ಬಳಕೆದಾರ ನೋಂದಾಯಿಸಿದಾಗ ಸಂದೇಶ ಕಳುಹಿಸಲು ಹೊರಗಿನ ಒಂದು ಸೇವೆಯನ್ನು ಕರೆಯುತ್ತೇವೆ. ಆ ಸೇವೆ ಉತ್ತರಿಸಲು ತಡಮಾಡುತ್ತಿದೆ. ಆದರೆ ನಮ್ಮಲ್ಲಿ ಸ್ಕ್ರಿಪ್ಟ್ ಓಡುವ ಗರಿಷ್ಠ ಸಮಯವಾದ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ 30 ಸೆಕೆಂಡು ಎಂದಿದೆ. ಅದನ್ನು ಮೀರಿ ಎರಡು ಮೂರು ನಿಮಿಷ ನಿಂತ ವರ್ಕರ್‌ಗಳು ಸ್ಟೇಟಸ್‌ನ ವಿವರಪುಟದಲ್ಲಿ ಕಾಣುತ್ತಿವೆ. ಇದು ಹೇಗೆ ಸಾಧ್ಯ?

ಅಲೆಮಾರಿ
ಲಿನಕ್ಸ್‌ನಲ್ಲಿ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ ಎಣಿಸುವುದು ಸ್ಕ್ರಿಪ್ಟ್ ತಾನೇ ಓಡಿದ ಸಮಯವನ್ನು. ಡೇಟಾಬೇಸ್ ಉತ್ತರಕ್ಕೆ, ನೆಟ್‌ವರ್ಕ್ ಉತ್ತರಕ್ಕೆ ಅಥವಾ ಸ್ಲೀಪ್‌ನಲ್ಲಿ ಕಾದ ಸಮಯ ಆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವರ್ಕರ್ ಮೂರು ನಿಮಿಷ ನಿಂತಿದ್ದರೂ ಅದರ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಕಳೆದಿರುವುದಿಲ್ಲ.

ಕರ್ಲ್‌ಗೆ ನೀವು ಕಾಲಮಿತಿ ಕೊಟ್ಟಿದ್ದೀರಾ ಎಂದು ನೋಡಿರಿ. ಕೊಡದಿದ್ದರೆ ಸಂಪರ್ಕ ಏರ್ಪಡಲು ಅದು 300 ಸೆಕೆಂಡು ಕಾಯುತ್ತದೆ, ಒಟ್ಟು ವ್ಯವಹಾರಕ್ಕಂತೂ ಮಿತಿಯೇ ಇಲ್ಲ. ಸಂಪರ್ಕಕ್ಕೆ 2 ಸೆಕೆಂಡು, ಒಟ್ಟು 5 ಸೆಕೆಂಡು ಎಂದು ಕೋಡಿನಲ್ಲೇ ಬರೆಯಿರಿ.

ನಿಮಗೆ ಕಾಣುತ್ತಿರುವ 504 ಬರುತ್ತಿರುವುದೂ ಇಲ್ಲಿಂದಲೇ. ಎಂಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ರೀಡ್ ಟೈಮ್‌ಔಟ್‌ನ ಮೂಲ ಮೌಲ್ಯ 60 ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಎಂಜಿನ್‌ಎಕ್ಸ್ ಕೈಬಿಟ್ಟು 504 ಕೊಡುತ್ತದೆ. ಆದರೆ ಇತ್ತ ವರ್ಕರಿಗೆ ಅದು ತಿಳಿಯುವುದಿಲ್ಲ. ಕೇಳುವವರು ಹೊರಟುಹೋದ ಮೇಲೂ ಅದು ಕಾಯುತ್ತಲೇ ಇರುತ್ತದೆ, ಆ ಜಾಗ ಇನ್ನೊಬ್ಬರಿಗೆ ಸಿಗುವುದಿಲ್ಲ. ಬಳಕೆದಾರ ಪುಟವನ್ನು ಮತ್ತೆ ಒತ್ತಿದರೆ ಇನ್ನೊಂದು ವರ್ಕರ್ ಸಿಕ್ಕಿಹಾಕಿಕೊಳ್ಳುತ್ತದೆ. ಮ್ಯಾಕ್ಸ್ ಚಿಲ್ಡ್ರನ್ ಅನ್ನು 100 ಮಾಡಿದ್ದರೆ ನೂರೂ ಹೀಗೆಯೇ ತುಂಬುತ್ತಿದ್ದವು, ಸ್ವಲ್ಪ ತಡವಾಗಿ.

ಗಣಕಪಾಲ
ಕೋಡನ್ನು ನಂಬಿ ಕೂರುವ ಬದಲು ಎಫ್‌ಪಿಎಂನಲ್ಲೇ ರಿಕ್ವೆಸ್ಟ್ ಟರ್ಮಿನೇಟ್ ಟೈಮ್‌ಔಟ್ ಅನ್ನು 30 ಸೆಕೆಂಡಿಗೆ ಇಟ್ಟುಬಿಡಿ. ಅದು ಗಡಿಯಾರದ ಸಮಯವನ್ನು ನೋಡುತ್ತದೆ, ಕಾಯುತ್ತಿದ್ದರೂ ಬಿಡುವುದಿಲ್ಲ.

ಕಡತಪ್ರಿಯ
ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಆ ಮಿತಿ ಮುಟ್ಟಿದಾಗ ಮಾಸ್ಟರ್ ಪ್ರಕ್ರಿಯೆ ವರ್ಕರಿಗೆ ಸಿಗ್‌ಟರ್ಮ್ (ಮುಗಿಸು ಎಂಬ ಸಂಕೇತ) ಕಳುಹಿಸುತ್ತದೆ, ವರ್ಕರ್ ಅಲ್ಲಿಗೇ ಸಾಯುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಸರಿಪಡಿಸುವ ಫೈನಲಿ ಭಾಗ ಓಡುವುದಿಲ್ಲ, ಶಟ್‌ಡೌನ್ ಫಂಕ್ಷನ್‌ಗಳು ಓಡುವುದಿಲ್ಲ, ಅಪ್ಲಿಕೇಶನ್ನಿನ ದೋಷದಾಖಲೆಯಲ್ಲಿ ಒಂದು ಅಕ್ಷರವೂ ಬೀಳುವುದಿಲ್ಲ. ಡೇಟಾಬೇಸ್ ವ್ಯವಹಾರವಾದರೆ ಸಂಪರ್ಕ ಕಡಿದಾಗ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಸರಿ. ಅರ್ಧ ಬರೆದ ಕಡತಕ್ಕೆ ಯಾರು ದಿಕ್ಕು? ಹಣ ಕಡಿತವಾಗಿ, ಅದನ್ನು ದಾಖಲಿಸುವ ಮೊದಲೇ ವರ್ಕರ್ ಸತ್ತರೆ ಅದರ ಹೊಣೆ ಯಾರದು? ಬಳಕೆದಾರರಿಗೆ ಕಾಣುವುದು ಬರೀ 502.

ಗಣಕಪಾಲ
ಹಾಗಾದರೆ ಮಿತಿಯೇ ಬೇಡವೇ? ಎಲ್ಲ ಲೈಬ್ರರಿಗಳ ಎಲ್ಲ ಕರೆಗಳಿಗೂ ಕಾಲಮಿತಿ ಇದೆಯೆಂದು ಖಾತರಿ ಕೊಡಲು ನಿಮ್ಮಿಂದ ಸಾಧ್ಯವೇ? ಒಂದು ಕರೆ ತಪ್ಪಿಸಿಕೊಂಡರೂ ಪೂಲ್ ಪೂರ್ತಿ ನಿಲ್ಲುತ್ತದೆ.

ಕಡತಪ್ರಿಯ
ಮಿತಿ ಬೇಡವೆಂದು ನಾನು ಹೇಳಲಿಲ್ಲ. ಕ್ರಮ ಸರಿಯಿರಬೇಕು ಎನ್ನುತ್ತಿದ್ದೇನೆ. ಒಳಗಿನ ಕಾಲಮಿತಿ ಅತಿ ಚಿಕ್ಕದು, ಅಂದರೆ ಕರ್ಲ್‌ಗೆ 5, ಡೇಟಾಬೇಸ್ ಪ್ರಶ್ನೆಗೆ 10. ಅದರ ಮೇಲೆ ಟರ್ಮಿನೇಟ್ ಟೈಮ್‌ಔಟ್ 50. ಅದಕ್ಕೂ ಹೊರಗೆ ಎಂಜಿನ್‌ಎಕ್ಸ್‌ನ 60. ಹೀಗಿದ್ದರೆ ಸಾಮಾನ್ಯ ತೊಂದರೆಗಳನ್ನು ಕೋಡೇ ಹಿಡಿದು ಬಳಕೆದಾರರಿಗೆ ತಿಳಿಯುವಂತೆ ಹೇಳುತ್ತದೆ, ಕೊಲ್ಲುವ ಪ್ರಸಂಗ ಬರುವುದು ಎಲ್ಲವೂ ವಿಫಲವಾದಾಗ ಮಾತ್ರ. ಲಾಗಿನಲ್ಲಿ ಟರ್ಮಿನೇಟ್ ಆದ ಒಂದು ಸಾಲು ಕಂಡರೂ ಅದನ್ನು ದೋಷವೆಂದೇ ತಿಳಿದು ಬೆನ್ನುಹತ್ತಬೇಕು.

ಗಣಕಪಾಲ
ಈ ಕ್ರಮಕ್ಕೆ ನನ್ನ ತಕರಾರಿಲ್ಲ. ಮೂರರಲ್ಲಿ ಒಂದನ್ನು ಬದಲಿಸಿದವರು ಉಳಿದೆರಡನ್ನೂ ನೋಡಬೇಕು ಎಂಬುದನ್ನು ಮಾತ್ರ ಕಡತದಲ್ಲೇ ಟಿಪ್ಪಣಿಯಾಗಿ ಬರೆದಿಡಿರಿ.

ನಸುಕು
ಸಂದೇಶ ಕಳುಹಿಸುವ ಮೊದಲು ಫಾಸ್ಟ್‌ಸಿಜಿಐ ಫಿನಿಶ್ ರಿಕ್ವೆಸ್ಟ್ ಕರೆದುಬಿಟ್ಟರೆ ಆಗದೇ? ಬಳಕೆದಾರರಿಗೆ ಪುಟ ತಕ್ಷಣ ಹೋಗುತ್ತದೆ, ಸಂದೇಶ ಹಿಂದಿನಿಂದ ಹೋಗುತ್ತದೆ.

ಅಲೆಮಾರಿ
ಬಳಕೆದಾರರ ಕಾಯುವಿಕೆ ತಪ್ಪುತ್ತದೆ, ವರ್ಕರಿನ ಕಾಯುವಿಕೆ ತಪ್ಪುವುದಿಲ್ಲ. ಕರ್ಲ್ ಮುಗಿಯುವವರೆಗೂ ಆ ವರ್ಕರ್ ಬೇರೆ ವಿನಂತಿಯನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಲಿಸನ್ ಕ್ಯೂ ಹಾಗೆಯೇ ಬೆಳೆಯುತ್ತದೆ. ನೂರು ಮಿಲಿಸೆಕೆಂಡಿನ ಚಿಲ್ಲರೆ ಕೆಲಸಗಳಿಗೆ ಅದು ಒಳ್ಳೆಯದೇ. ಹೊರಗಿನ ಸೇವೆಯನ್ನು ನೆಚ್ಚಿಕೊಂಡ ಕೆಲಸವಾದರೆ ಡೇಟಾಬೇಸಿನಲ್ಲಿ ಒಂದು ಸಾಲು ಬರೆದಿಟ್ಟು, ಆಜ್ಞಾಸಾಲಿನಿಂದ ಓಡುವ ಪ್ರತ್ಯೇಕ ಪ್ರಕ್ರಿಯೆಯೊಂದು ಅದನ್ನು ಎತ್ತಿಕೊಂಡು ಕಳುಹಿಸುವಂತೆ ಮಾಡಿರಿ. ಆಗ ಆ ಸೇವೆ ಒಂದು ಗಂಟೆ ಮಲಗಿದರೂ ನಿಮ್ಮ ಪುಟಗಳಿಗೆ ಏನೂ ಆಗುವುದಿಲ್ಲ.

ಬರಿಗಣ್ಣು
ಫಿನಿಶ್ ರಿಕ್ವೆಸ್ಟ್ ಬಳಸುವವರು ಸೆಷನ್ (ಒಬ್ಬ ಬಳಕೆದಾರರ ಮಾಹಿತಿ ಇಡುವ ದಾಖಲೆ) ಬೀಗವನ್ನು ಮರೆಯಬಾರದು. ಕಡತದಲ್ಲಿಡುವ ಸೆಷನ್ ಆದರೆ ಸೆಷನ್ ಸ್ಟಾರ್ಟ್ ಆದ ಗಳಿಗೆಯಿಂದ ಆ ಕಡತಕ್ಕೆ ಬೀಗ ಬೀಳುತ್ತದೆ. ಅದೇ ಬಳಕೆದಾರರ ಪುಟ ಹಿಂದಿನಿಂದ ನಾಲ್ಕು ಅಜಾಕ್ಸ್ ವಿನಂತಿ ಕಳುಹಿಸಿದರೆ ನಾಲ್ಕೂ ವರ್ಕರ್‌ಗಳು ಆ ಒಂದು ಬೀಗಕ್ಕಾಗಿ ಕಾಯುತ್ತಾ ಕೂರುತ್ತವೆ. ಒಬ್ಬರೇ ಬಳಕೆದಾರರು ಐದು ವರ್ಕರ್‌ಗಳ ಪೂಲನ್ನು ಪೂರ್ತಿ ಹಿಡಿದಿಟ್ಟಂತಾಗುತ್ತದೆ. ಸ್ಲೋಲಾಗಿನಲ್ಲಿ ಮೇಲುಸಾಲು ಸೆಷನ್ ಸ್ಟಾರ್ಟ್ ಎಂದು ಕಂಡರೆ ಕಾರಣ ಇದೇ. ಸೆಷನ್‌ಗೆ ಬರೆಯುವುದು ಮುಗಿದ ಕೂಡಲೇ ಸೆಷನ್ ರೈಟ್ ಕ್ಲೋಸ್ ಕರೆದರೆ ಬೀಗ ಬಿಡುತ್ತದೆ.

ಹೊಸಹಾದಿ
ನಮ್ಮ ಸ್ಲೋಲಾಗಿನ ಕೆಳಭಾಗದಲ್ಲಿ ಅದೂ ಕೆಲವು ಕಡೆ ಇದೆ. ಕರ್ಲ್‌ಗೆ ಮಿತಿ ಹಾಕಿ, ಸಂದೇಶಗಳನ್ನು ಸರದಿಗೆ ಸರಿಸುವ ಕೆಲಸ ಆರಂಭಿಸಿದ್ದೇವೆ. ಇನ್ನು ವಿಧಾನದ ಪ್ರಶ್ನೆ: ಸ್ಟ್ಯಾಟಿಕ್, ಡೈನಾಮಿಕ್, ಆನ್‌ಡಿಮ್ಯಾಂಡ್ ಇವುಗಳಲ್ಲಿ ನಮಗೆ ಯಾವುದು ಹೊಂದುತ್ತದೆ?

ತಂತುಜಾಲ
ಒಂದು ಸರ್ವರ್, ಒಂದೇ ಅಪ್ಲಿಕೇಶನ್ ಆದರೆ ಸ್ಟ್ಯಾಟಿಕ್. ವರ್ಕರ್‌ಗಳು ಮೊದಲೇ ಸಿದ್ಧವಾಗಿರುತ್ತವೆ, ದಟ್ಟಣೆ ಏರಿದ ಕ್ಷಣದಲ್ಲಿ ಹೊಸದನ್ನು ಹುಟ್ಟಿಸುವ ಕೆಲಸ ಇರುವುದಿಲ್ಲ, ಮೆಮೊರಿಯ ಲೆಕ್ಕವೂ ನಿಶ್ಚಿತ. ಹಗುರವಾದ ಹೊತ್ತಿನಲ್ಲಿ ಡೈನಾಮಿಕ್ ಉಳಿಸಿಕೊಡುವ ಮೆಮೊರಿ ಏನು ಉಪಯೋಗ, ದಟ್ಟಣೆಯ ಹೊತ್ತಿಗೆ ಅದನ್ನು ವಾಪಸು ಕೊಡಲೇಬೇಕಲ್ಲ?

ಇರುಳುಪಾಳಿ
ಡೇಟಾಬೇಸ್ ಅದೇ ಯಂತ್ರದಲ್ಲಿದೆ ಎಂಬುದನ್ನು ಮರೆತಿರಿ. ರಾತ್ರಿ ಬ್ಯಾಕಪ್ ಓಡುವಾಗ ಆ ಬಿಡುವಾದ ಮೆಮೊರಿ ಕರ್ನಲ್‌ನ ಕಡತಸಂಚಿಗೆ (ಓದಿದ ಕಡತಗಳನ್ನು ಮೆಮೊರಿಯಲ್ಲಿಡುವ ಜಾಗ) ಸಿಕ್ಕರೆ ಅದೇ ದೊಡ್ಡ ಲಾಭ. ನಾನು ಡೈನಾಮಿಕ್ ಪರ. ಆದರೆ ಮಿನ್ ಸ್ಪೇರ್ 1 ಎಂಬುದು ತೀರಾ ಬಡತನ. ಒಮ್ಮೆಲೇ ಹತ್ತು ವಿನಂತಿ ಬಂದರೆ ಮಾಸ್ಟರ್ ಆಗ ವರ್ಕರ್ ಹುಟ್ಟಿಸಲು ಹೊರಡುತ್ತದೆ, ಪೂಲ್ ಬಿಡುವಿಲ್ಲದಂತೆ ಕಾಣುತ್ತಿದೆ ಎಂಬ ಎಚ್ಚರಿಕೆ ಲಾಗಿಗೆ ಬೀಳುತ್ತದೆ. 20ರ ಪೂಲ್ ಆದರೆ ಸ್ಟಾರ್ಟ್ 8, ಮಿನ್ ಸ್ಪೇರ್ 5, ಮ್ಯಾಕ್ಸ್ ಸ್ಪೇರ್ 10 ಇಡಬಹುದು. ಸ್ಟಾರ್ಟ್ ಸರ್ವರ್ಸ್ ಈ ಎರಡು ಸ್ಪೇರ್‌ಗಳ ನಡುವೆಯೇ ಇರಬೇಕು. ಇಲ್ಲವಾದರೆ ಎಫ್‌ಪಿಎಂ ಶುರುವಾಗಲು ಒಪ್ಪುವುದಿಲ್ಲ. ಕಡತ ಬದಲಿಸಿದಾಗಲೆಲ್ಲ ಮೊದಲು ಪರೀಕ್ಷಾ ಆಯ್ಕೆಯಾದ ಟಿ ಜೊತೆ ಎಫ್‌ಪಿಎಂ ಓಡಿಸಿ ನೋಡಿರಿ. ಟಿ ಎರಡು ಸಲ ಕೊಟ್ಟರೆ ಜಾರಿಗೆ ಬರಲಿರುವ ಎಲ್ಲ ಮೌಲ್ಯಗಳನ್ನೂ ಅದು ಮುದ್ರಿಸುತ್ತದೆ.

ನಸುಕು
ಆನ್‌ಡಿಮ್ಯಾಂಡ್‌ನ ಹೆಸರನ್ನೇ ಯಾರೂ ಎತ್ತುತ್ತಿಲ್ಲ.

ಇರುಳುಪಾಳಿ
ಒಂದೇ ಯಂತ್ರದಲ್ಲಿ ಹತ್ತಾರು ಪುಟ್ಟ ತಾಣಗಳು, ಪ್ರತಿಯೊಂದಕ್ಕೂ ಬೇರೆ ಬಳಕೆದಾರ ಖಾತೆ ಮತ್ತು ಬೇರೆ ಪೂಲ್ ಇರುವಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಕೆಲಸ ಬಂದಾಗ ವರ್ಕರ್ ಹುಟ್ಟುತ್ತದೆ, ಪ್ರೊಸೆಸ್ ಐಡಲ್ ಟೈಮ್‌ಔಟ್ ಮುಗಿದ ಮೇಲೆ ಹೋಗುತ್ತದೆ. ಮೂಲ ಮೌಲ್ಯ 10 ಸೆಕೆಂಡು. ಯಾವಾಗಲೂ ಓಡುತ್ತಿರುವ ಒಂದೇ ತಾಣಕ್ಕೆ ಅದರಿಂದ ಪ್ರಯೋಜನ ಕಡಿಮೆ.

ಸಾಲುಗಂಬ
502ರ ಬಗ್ಗೆ ಯಾರೂ ಹೇಳಲಿಲ್ಲ. ಯೂನಿಕ್ಸ್ ಸಾಕೆಟ್ ಬಳಸುತ್ತಿದ್ದರೆ ಎಂಜಿನ್‌ಎಕ್ಸ್‌ನ ದೋಷದಾಖಲೆ ತೆರೆದು, ಕನೆಕ್ಟ್ ವಿಫಲ ಎಂಬುದರ ಪಕ್ಕದಲ್ಲಿ 11 ಎಂಬ ಸಂಖ್ಯೆ ಇದೆಯೇ ನೋಡಿರಿ. ಸಾಕೆಟ್ಟಿನ ಸರದಿ ತುಂಬಿ ಹೊಸಬರಿಗೆ ಜಾಗವಿಲ್ಲದಾಗ ಬರುವ ಸಂಖ್ಯೆ ಅದು. 111 ಆದರೆ ಆ ಕಡೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಬಹುಶಃ ಎಫ್‌ಪಿಎಂ ನಿಂತಿದೆ. 13 ಆದರೆ ಸಾಕೆಟ್ ಕಡತದ ಅನುಮತಿ ತಪ್ಪಿದೆ, ಲಿಸನ್ ಓನರ್ ಮತ್ತು ಗ್ರೂಪ್ ಸಾಲುಗಳನ್ನು ಸರಿಪಡಿಸಬೇಕು. ಸರದಿಯ ಉದ್ದವನ್ನು ಹೇಳುವುದು ಲಿಸನ್ ಬ್ಯಾಕ್‌ಲಾಗ್, ಲಿನಕ್ಸ್‌ನಲ್ಲಿ ಅದರ ಮೂಲ ಮೌಲ್ಯ 511. ಆದರೆ ಕರ್ನಲ್‌ನ ಸೋಮ್ಯಾಕ್ಸ್‌ಕಾನ್ ಅದಕ್ಕಿಂತ ಚಿಕ್ಕದಿದ್ದರೆ ಕರ್ನಲ್‌ನ ಮಾತೇ ನಡೆಯುತ್ತದೆ. 5.4ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ ಅದು 128, ಆಮೇಲೆ 4096.

ಅಲೆಮಾರಿ
ಸರದಿಯನ್ನು ಉದ್ದ ಮಾಡುವುದನ್ನು ಮದ್ದು ಎಂದು ಯಾರೂ ತಿಳಿಯಬಾರದು. ಐದು ವರ್ಕರ್‌ಗಳ ಮುಂದೆ ಐನೂರು ಜನ ನಿಂತರೆ ಕೊನೆಯವರ ಸರದಿ ಬರುವ ಮೊದಲೇ ಅವರ ಬ್ರೌಸರ್ ಮುಚ್ಚಿರುತ್ತದೆ.

ಸಾಲುಗಂಬ
ಅದು ನಿಜ. ಕ್ಷಣಿಕ ಏರಿಳಿತವನ್ನು ತಡೆದುಕೊಳ್ಳಲು ಮಾತ್ರ ಅದು ಬೇಕು.

ತಂತುಜಾಲ
ವರ್ಕರ್ ಏರಿಸುವವರಿಗೆ ಇನ್ನೊಂದು ಎಚ್ಚರಿಕೆ. ಪ್ರತಿ ವರ್ಕರೂ ಡೇಟಾಬೇಸಿಗೆ ಒಂದು ಸಂಪರ್ಕ ತೆರೆಯಬಹುದು. ಮೈಎಸ್‌ಕ್ಯೂಎಲ್‌ನ ಮ್ಯಾಕ್ಸ್ ಕನೆಕ್ಷನ್ಸ್ ಮೂಲ ಮೌಲ್ಯ 151, ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ 100. ಎರಡು ವೆಬ್ ಸರ್ವರ್‌ಗಳಲ್ಲಿ ತಲಾ 80 ಇಟ್ಟು ಪರ್ಸಿಸ್ಟೆಂಟ್ (ಮುಚ್ಚದೇ ಉಳಿಯುವ) ಸಂಪರ್ಕವನ್ನೂ ಚಾಲೂ ಮಾಡಿದರೆ ಆ ಮಿತಿ ದಾಟಿತೆಂದೇ ಲೆಕ್ಕ. ಆಗ ನಿಧಾನವಾಗಿದ್ದ ಪುಟಗಳು ತೆರೆಯದೇ ಹೋಗುತ್ತವೆ. ಅಲ್ಲದೆ 2 ಕೋರ್‌ಗಳ ಯಂತ್ರದಲ್ಲಿ ನಿಜವಾಗಿ ಲೆಕ್ಕ ಮಾಡುವ ವರ್ಕರ್‌ಗಳು ಒಂದೇ ಕ್ಷಣದಲ್ಲಿ ಎರಡಕ್ಕಿಂತ ಹೆಚ್ಚು ಓಡಲಾರವು. ಹೆಚ್ಚಿನ ವರ್ಕರ್‌ಗಳು ನೆರವಿಗೆ ಬರುವುದು ಕಾಯುವ ಕೆಲಸ ಇರುವಲ್ಲಿ ಮಾತ್ರ.

ನಸುಕು
ಒಂದು ವರ್ಕರ್ ಎಷ್ಟು ವಿನಂತಿಗಳ ನಂತರ ನಿವೃತ್ತಿಯಾಗಬೇಕೆಂದು ಹೇಳುವ ಮ್ಯಾಕ್ಸ್ ರಿಕ್ವೆಸ್ಟ್ಸ್ ಅನ್ನು 500 ಇಡಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇಡಲೇಬೇಕೇ?

ಕಡತಪ್ರಿಯ
ಮೂಲ ಮೌಲ್ಯ 0, ಅಂದರೆ ವರ್ಕರ್ ಎಂದಿಗೂ ತಾನಾಗಿ ನಿವೃತ್ತಿಯಾಗುವುದಿಲ್ಲ. ಯಾವುದಾದರೂ ಎಕ್ಸ್‌ಟೆನ್ಷನ್ ಮೆಮೊರಿ ಸೋರುತ್ತಿದ್ದರೆ ಈ ಮಿತಿ ಕೆಲಸಕ್ಕೆ ಬರುತ್ತದೆ. ಸೋರಿಕೆ ಇದೆಯೋ ಇಲ್ಲವೋ ಎಂದು ಕೆಲವು ದಿನ ಪಿಎಸ್‌ಎಸ್ ಗಮನಿಸಿ ತೀರ್ಮಾನಿಸಿರಿ. ನಾನು 1000ಕ್ಕಿಂತ ಕೆಳಗೆ ಇಡುವುದಿಲ್ಲ.

ಇರುಳುಪಾಳಿ
ಹೊಸಹಾದಿಯವರಿಗೆ ಒಂದು ಸಲಹೆ. ವರದಿ ಇಳಿಸಿಕೊಳ್ಳುವಂತಹ ಭಾರದ ಪುಟಗಳಿಗೆ ಬೇರೆ ಪೂಲ್ ಮಾಡಿರಿ: ಬೇರೆ ಸಾಕೆಟ್, ಮ್ಯಾಕ್ಸ್ ಚಿಲ್ಡ್ರನ್ 3, ಮೆಮೊರಿ ಲಿಮಿಟ್ ದೊಡ್ಡದು, ಕಾಲಮಿತಿ ಉದ್ದ. ಎಂಜಿನ್‌ಎಕ್ಸ್‌ನಲ್ಲಿ ಆ ದಾರಿಯ ವಿನಂತಿಗಳನ್ನು ಮಾತ್ರ ಆ ಸಾಕೆಟ್ಟಿಗೆ ಕಳುಹಿಸಿರಿ. ವರದಿಗಳು ಸಿಕ್ಕಿಕೊಂಡರೂ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಒಂದೇ ಮಾಸ್ಟರ್ ಆದ್ದರಿಂದ ಓಪಿಕ್ಯಾಶ್ ಎರಡನೆಯ ಸಲ ಮೆಮೊರಿ ತಿನ್ನುವುದಿಲ್ಲ.

ಹೊಸಹಾದಿ
ಪಿಎಸ್‌ಎಸ್ ಅಳೆದಾಗ ವರ್ಕರ್ ಒಂದಕ್ಕೆ ಸುಮಾರು 40 ಎಂಬಿ ಬಂತು. ಡೈನಾಮಿಕ್ ಉಳಿಸಿಕೊಂಡು ಮುಖ್ಯ ಪೂಲ್‌ಗೆ 20, ವರದಿಗಳಿಗೆ 3 ಇಟ್ಟಿದ್ದೇವೆ. ಕರ್ಲ್ ಮಿತಿ ಜಾರಿಗೆ ಬಂದ ಮೇಲೆ ದಟ್ಟಣೆಯಲ್ಲಿಯೂ ಆ್ಯಕ್ಟಿವ್ ಸಂಖ್ಯೆ ನಾಲ್ಕನ್ನು ದಾಟುತ್ತಿಲ್ಲ, ಲಿಸನ್ ಕ್ಯೂ 0. ಉಳಿದಿರುವುದು ಒಂದೇ ಪ್ರಶ್ನೆ. ಹೊಸ ಕೋಡ್ ಏರಿಸಿ ರೀಲೋಡ್ ಕೊಟ್ಟಾಗ ಒಂದೆರಡು ವಿನಂತಿಗಳಿಗೆ 502 ಬರುತ್ತದೆ. ರೀಲೋಡ್ ಎಂದರೆ ನಡೆಯುತ್ತಿರುವುದನ್ನು ಮುಗಿಸಲು ಬಿಡಬೇಕಲ್ಲವೇ?

ಸಾಲುಗಂಬ
ಬಿಡಬೇಕಾದರೆ ಎಷ್ಟು ಹೊತ್ತು ಎಂದು ನೀವು ಹೇಳಬೇಕು. ಪ್ರೊಸೆಸ್ ಕಂಟ್ರೋಲ್ ಟೈಮ್‌ಔಟ್ ಎಂಬ ಆಯ್ಕೆ ಪೂಲ್ ಕಡತದಲ್ಲಿ ಅಲ್ಲ, ಮುಖ್ಯ ಎಫ್‌ಪಿಎಂ ಕಡತದ ಗ್ಲೋಬಲ್ ಭಾಗದಲ್ಲಿದೆ. ಅದರ ಮೂಲ ಮೌಲ್ಯ 0, ಹಾಗಾಗಿ ಮಾಸ್ಟರಿಗೆ ಯುಎಸ್‌ಆರ್2 (ರೀಲೋಡ್) ಸಂಕೇತ ಸಿಕ್ಕಾಗ ನಡುವೆ ಇರುವ ವಿನಂತಿಗಳು ತುಂಡಾಗುತ್ತವೆ. ನಿಮ್ಮ ಸಾಮಾನ್ಯ ವಿನಂತಿಗಳಿಗೆ ಬೇಕಾದಷ್ಟು, 10 ಸೆಕೆಂಡು ಎಂದಿಟ್ಟುಕೊಳ್ಳಿ, ಅಲ್ಲಿ ಬರೆಯಿರಿ. ವರದಿಯ ಪೂಲ್ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಾದರೆ, ವರದಿಗಳು ಓಡದ ವೇಳೆ ನೋಡಿ ಕೋಡ್ ಏರಿಸುವುದೇ ಲೇಸು. ಏಕೆಂದರೆ ಹಳೆಯ ವರ್ಕರ್‌ಗಳು ಮುಗಿಯುವವರೆಗೆ ಹೊಸವು ಹುಟ್ಟುವುದಿಲ್ಲ, ಬಂದವರೆಲ್ಲ ಸಾಕೆಟ್ಟಿನ ಸರದಿಯಲ್ಲೇ ನಿಂತಿರುತ್ತಾರೆ.

ಕಡತಪ್ರಿಯ
ಓಪಿಕ್ಯಾಶ್‌ನ ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್ ಅನ್ನು ಮುಚ್ಚಿಲ್ಲದಿದ್ದರೆ ಕೋಡ್ ಬದಲಿಸಿದಾಗ ರೀಲೋಡ್ ಕೊಡುವ ಅಗತ್ಯವೇ ಇಲ್ಲ. ಬದಲಾದ ಕಡತವನ್ನು ಅದೇ ಗಮನಿಸುತ್ತದೆ. ಮುಚ್ಚಿದ್ದರೆ ಮಾತ್ರ ರೀಲೋಡ್ ಬೇಕೇ ಬೇಕು. ಬಿಡುಗಡೆಗಳನ್ನು ಸಿಮ್‌ಲಿಂಕ್ (ನಿಜವಾದ ದಾರಿಯನ್ನು ತೋರಿಸುವ ಕೊಂಡಿ) ಮೂಲಕ ತಿರುಗಿಸುವವರಾದರೆ ಎಂಜಿನ್‌ಎಕ್ಸ್‌ನಲ್ಲಿ ಡಾಕ್ಯುಮೆಂಟ್ ರೂಟ್ ಬದಲು ರಿಯಲ್‌ಪಾತ್ ರೂಟ್ (ಕೊಂಡಿ ಬಿಡಿಸಿದ ನಿಜವಾದ ದಾರಿ) ಕಳುಹಿಸಿರಿ. ಆಗ ಹೊಸ ಬಿಡುಗಡೆಯ ಕಡತಗಳು ಹೊಸ ದಾರಿಯಾಗಿಯೇ ಕಾಣುತ್ತವೆ, ಹಳೆಯ ಮತ್ತು ಹೊಸ ಕೋಡ್ ಬೆರೆಯುವುದಿಲ್ಲ.

ಹೊಸಹಾದಿ
ನಮ್ಮದು ಸಿಮ್‌ಲಿಂಕ್ ಪದ್ಧತಿಯೇ. ಕಂಟ್ರೋಲ್ ಟೈಮ್‌ಔಟ್ 10 ಮತ್ತು ರಿಯಲ್‌ಪಾತ್ ರೂಟ್ ಎರಡನ್ನೂ ಹಾಕಿ ಮುಂದಿನ ಬಿಡುಗಡೆಯಲ್ಲಿ ದೋಷದಾಖಲೆ ನೋಡಿ ತಿಳಿಸುತ್ತೇನೆ.